ಗಣಕಕ್ಕೂ ಮಾಹಿತಿಗೂ ಒಂದೇ ಸೂರು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿದರು. ಒಂದು ಸಂಸಾರಕ್ಕೆ ಒಂದು ಮನೆ ಕಟ್ಟುವುದೇ ಇಷ್ಟು ಕಷ್ಟವಾದರೆ, ಮೂರು ನಾಲ್ಕು ಸಂಸಾರಗಳು ಕೂಡಿ ಇರಲು ಒಂದೇ ಮನೆ ಕಟ್ಟುವುದು ಇನ್ನೆಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು. ವಿದ್ಯಾಸಂಸ್ಥೆಗಳಲ್ಲಿ ಹಲವು ವಿಭಾಗಗಳಿಗೆ ಸೇರಿ ಕೂಡುಕಟ್ಟಡ ಕಟ್ಟುವುದೆಂದರೆ ಇಂಥ ಕೆಲಸ. ಅದರಲ್ಲಿ ಮನೆ ಕಟ್ಟುವುದೂ ಇದೆ, ಮದುವೆ ಮಾಡುವುದೂ ಇದೆ.

ಈ ವಿಷಯಕ್ಕೆ ನಾನು ಕೈಹಾಕಿದುದಕ್ಕೆ ಒಂದು ಕಾರಣವುಂಟು. ನಮ್ಮ ಕಾಲೇಜಿನ ಗಣಕ ವಿಭಾಗ, ಸಂಖ್ಯಾಶಾಸ್ತ್ರ ವಿಭಾಗ ಮತ್ತು ಗ್ರಂಥಾಲಯ ಈ ಮೂರನ್ನೂ ಒಂದೇ ಹೊಸ ಕಟ್ಟಡಕ್ಕೆ ತರುವ ಮಾತು ಈ ವರ್ಷ ಎದ್ದಿತು. ಅದನ್ನು ವಿಚಾರ ಮಾಡುವ ಸಮಿತಿಗೆ ವಿದ್ಯಾರ್ಥಿಗಳ ಪರವಾಗಿ, ಅಂತಿಮ ಬಿ.ಎ. ತರಗತಿಯವಳಾದ ನನ್ನನ್ನು ಕರೆದರು. ಮೊದಲನೆಯ ಸಭೆಯಲ್ಲಿ ಪ್ರಿನ್ಸಿಪಾಲರು, "ನಿಮಗೇನು ಬೇಕು, ಹೇಳಿ" ಎಂದು ಕೇಳಿದಾಗ, ನಾನು ಧೈರ್ಯ ಮಾಡಿ ದೊಡ್ಡ ಕೊಠಡಿ, ಹೆಚ್ಚು ಗಣಕಯಂತ್ರಗಳು, ಒಳ್ಳೆಯ ಕುರ್ಚಿಗಳು ಎಂದು ಒಂದೊಂದಾಗಿ ಹೇಳಿದೆ. ಗಣಿತದ ಹಿರಿಯ ಅಧ್ಯಾಪಕರೊಬ್ಬರು ನಕ್ಕು, "ನೋಡಮ್ಮಾ, ಇದು ಸಾಮಾನಿನ ಪಟ್ಟಿಯಾಯಿತು. ಆ ಕಟ್ಟಡದೊಳಗೆ ಯಾರು ಯಾರನ್ನು ದಿನವೂ ಕಾಣಬೇಕು, ಅದನ್ನು ಮೊದಲು ಹೇಳು. ಮಿಕ್ಕದ್ದು ಇಂಜಿನಿಯರು ಹೇಳುತ್ತಾರೆ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಎರಡು ತಿಂಗಳು ಓದಿದುದರ ಸಾರವೇ ಈ ಲೇಖನ.

೧. ಇವರು ಏಕೆ ಕೂಡಿರಬೇಕು?

ಮೊದಲಿಗೆ ಒಂದು ಶಂಕೆ ಹುಟ್ಟುವುದು ಸಹಜ. ಗಣಕ ವಿಜ್ಞಾನಕ್ಕೆ ತನ್ನದೇ ಕಟ್ಟಡ, ಗ್ರಂಥಾಲಯಕ್ಕೆ ತನ್ನದೇ ಕಟ್ಟಡ ಇದ್ದರೆ ಏನು ಕೊರತೆ? ಗಣಕ ವಿಜ್ಞಾನವು ಲೆಕ್ಕವನ್ನು ಯಂತ್ರದಿಂದ ಹೇಗೆ ಮಾಡಿಸಬೇಕೆಂಬುದನ್ನು ವಿಚಾರಿಸುತ್ತದೆ. ಮಾಹಿತಿ ವಿಜ್ಞಾನವು, ಮನುಷ್ಯರು ತಮಗೆ ಬೇಕಾದ ವಿಷಯವನ್ನು ಹೇಗೆ ಕೂಡಿಸಿಡುತ್ತಾರೆ, ಹೇಗೆ ಹುಡುಕುತ್ತಾರೆ, ಹೇಗೆ ಬಳಸುತ್ತಾರೆಂಬುದನ್ನು ವಿಚಾರಿಸುತ್ತದೆ. ಒಂದಕ್ಕೆ ಯಂತ್ರ ಮುಖ್ಯ, ಇನ್ನೊಂದಕ್ಕೆ ಓದುಗ ಮುಖ್ಯ. ಆದರೆ ಇವೆರಡರ ನಡುವೆ ಹರಿಯುವ ವಸ್ತು ಒಂದೇ. ಆದುದರಿಂದ ಒಬ್ಬರ ಪ್ರಶ್ನೆಗೆ ಇನ್ನೊಬ್ಬರಲ್ಲಿ ಉತ್ತರವಿರುವ ಸಂದರ್ಭಗಳು ಪದೇ ಪದೇ ಬರುತ್ತವೆ.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರಾಗಿದ್ದವರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ೧೯೬೨ರಲ್ಲಿ ಅವರು ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವನ್ನು ಆರಂಭಿಸಿದಾಗ, ಅದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿಯೇ ಹುಟ್ಟಿತು. ಪುಸ್ತಕದ ವಿದ್ಯೆಯೂ ಅಂಕಿಯ ವಿದ್ಯೆಯೂ ಒಂದೇ ಸಂಸ್ಥೆಯಲ್ಲಿ ಬಾಳಬಲ್ಲವೆಂಬುದನ್ನು ನಮ್ಮ ನಾಡು ಆಗಲೇ ಕಂಡಿದೆ. ಇನ್ನು ಗಣಕದಲ್ಲಿ ಕನ್ನಡ ಮೂಡಿದುದೂ ಲಿಪಿಯನ್ನು ಬಲ್ಲವರು ಯಂತ್ರವನ್ನೂ ಬಲ್ಲವರಾದುದರಿಂದಲೇ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನು ಅನುಸರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಇಂದು ನಾವು 'ನುಡಿ'ಯಲ್ಲಿ ಬಳಸುವ ವಿನ್ಯಾಸಕ್ಕೆ ತಳಹದಿ.

ನನ್ನ ಸ್ವಂತ ಅನುಭವವನ್ನೂ ಇಲ್ಲಿ ಹೇಳಬೇಕು. ಕಳೆದ ವರ್ಷ ಜಾನಪದದ ಪಾಠಕ್ಕಾಗಿ ನಮ್ಮ ಅಜ್ಜಿಯಿಂದ ೨೧೬ ಬೀಸುವ ಪದಗಳನ್ನು ಬರೆದುಕೊಂಡೆ. ಅವುಗಳಲ್ಲಿ 'ತವರು' ಎಂಬ ಮಾತು ಎಷ್ಟು ಸಲ ಬಂದಿದೆಯೆಂದು ಎಣಿಸಬೇಕಾಗಿತ್ತು. ಗಣಕದ ಕೊಠಡಿಗೆ ಹೋದರೆ, ಅದು ಬಿ.ಸಿ.ಎ. ವಿದ್ಯಾರ್ಥಿಗಳಿಗೆ ಮಾತ್ರವೆಂಬ ಉತ್ತರ ಬಂತು. ಮೂರು ವಾರ ಚೀಟಿಗಳನ್ನು ಹರಡಿಕೊಂಡು ಕೈಯಿಂದಲೇ ಎಣಿಸಿದೆ, ೬೪ ಬಂತು. ಒಂದು ಸಂಜೆ ಬಸ್ಸು ತಡವಾಯಿತು. ನಿಲ್ದಾಣದಲ್ಲಿ ಪಕ್ಕದಲ್ಲಿ ನಿಂತಿದ್ದ ಬಿ.ಸಿ.ಎ. ತರಗತಿಯ ಹುಡುಗಿಯೊಬ್ಬಳು ನನ್ನ ಕೈಯ ಚೀಟಿಗಳ ಕಟ್ಟನ್ನು ಕಂಡು, "ಇದೇನು?" ಎಂದಳು. ಹೇಳಿದೆ. ಮುಂದಿನ ಭಾನುವಾರ ನಾವಿಬ್ಬರೂ ಅವಳ ಮನೆಯಲ್ಲಿ ಕುಳಿತು ಪದಗಳನ್ನೆಲ್ಲ ಗಣಕಕ್ಕೆ ಏರಿಸಿದೆವು. ಯಂತ್ರ ಹೇಳಿದ ಸಂಖ್ಯೆ ೧೧. ನನಗೆ ನಗು ಬಂತು. 'ತವರಿಗೆ', 'ತವರೂರ', 'ತವರವರು' ಎಂಬ ರೂಪಗಳೆಲ್ಲ ಅದಕ್ಕೆ ಬೇರೆ ಬೇರೆ ಪದಗಳಾಗಿದ್ದವು. ನಾನು ವಿಭಕ್ತಿಯ ವಿಚಾರ ಹೇಳಿದೆ. ಅವಳು 'ತವರ' ಎಂದು ಆರಂಭವಾಗುವ ಮಾತುಗಳನ್ನೂ ಸೇರಿಸಿದಳು. ಆಗ ೬೮ ಬಂತು. ಅದರಲ್ಲೊಂದು 'ತವರದ ತಟ್ಟೆ'! ಲೋಹದ ತವರವನ್ನು ಯಂತ್ರವು ತಾಯಿಯ ಮನೆಯೆಂದು ತಿಳಿದಿತ್ತು. ಅದನ್ನು ತೆಗೆದರೆ ೬೭. ಕೈಯೆಣಿಕೆಯಲ್ಲಿ ನಾನು ಮೂರನ್ನು ಬಿಟ್ಟಿದ್ದೆ. ಅವಳಿಲ್ಲದೆ ನನ್ನ ಲೆಕ್ಕ ತಪ್ಪು, ನಾನಿಲ್ಲದೆ ಅವಳ ಲೆಕ್ಕ ತಪ್ಪು. ಮೂರು ವರ್ಷ ಒಂದೇ ಕಾಲೇಜಿನಲ್ಲಿ ಓದಿದ ನಾವು ಒಬ್ಬರನ್ನೊಬ್ಬರು ಕಂಡದ್ದು ಬಸ್ಸು ತಡವಾದ ಪುಣ್ಯದಿಂದ.

೨. ಮರದ ಕೊಟ್ಟಿಗೆಯ ಮಹಿಮೆ

ಈ ವಿಷಯವನ್ನು ಓದುವವರೆಲ್ಲ ತಪ್ಪದೆ ಸೇರುವ ಒಂದು ಸ್ಥಳವಿದೆ. ಅದು ಅಮೆರಿಕದಲ್ಲಿ ಎಂ.ಐ.ಟಿ. ಎಂದು ಪ್ರಸಿದ್ಧವಾದ ತಾಂತ್ರಿಕ ವಿದ್ಯಾಸಂಸ್ಥೆಯ '೨೦ನೆಯ ನಂಬರಿನ ಕಟ್ಟಡ'. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ರೇಡಾರ್ ಸಂಶೋಧನೆಗೆಂದು ಅದನ್ನು ಆತುರಾತುರವಾಗಿ ಮರದಿಂದ ಕಟ್ಟಿದರು. ಮೂರು ಅಂತಸ್ತಿನ ಸಾದಾ ಕಟ್ಟಡ. ಯುದ್ಧ ಮುಗಿದ ಮೇಲೆ ಕೆಡವಿಬಿಡುವುದೆಂದೇ ಉದ್ದೇಶ. ಆದರೆ ಜಾಗದ ಅಭಾವದಿಂದ ಅದು ಉಳಿಯಿತು. ಬೇಸಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಕೊರೆತ, ನಡೆದರೆ ಕಿರುಗುಟ್ಟುವ ನೆಲ. ಹೀಗಿದ್ದೂ ಅದು ೧೯೯೮ರವರೆಗೆ, ಎಂದರೆ ೫೫ ವರ್ಷ, ನಿಂತಿತು.

ಆ ಕಟ್ಟಡಕ್ಕೆ ಯಾರೂ ಆಶಿಸಿ ಬಂದವರಲ್ಲ; ಬೇರೆ ಕಡೆ ಜಾಗ ಸಿಗದವರೇ ಹೆಚ್ಚು. ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹಾಲೆ ಎಂಬ ಭಾಷಾವಿಜ್ಞಾನಿಗಳು ಅಲ್ಲಿ ಕುಳಿತು ಕೆಲಸ ಮಾಡಿದರು. ವಿದ್ಯುನ್ಮಾನದ ಪ್ರಯೋಗಶಾಲೆ ಅಲ್ಲಿತ್ತು. ಆಟಿಕೆಯ ರೈಲುಗಳನ್ನು ಓಡಿಸುವ ವಿದ್ಯಾರ್ಥಿಗಳ ಸಂಘವೊಂದು ಅಲ್ಲಿತ್ತು. ಆ ರೈಲುಗಳ ಸ್ವಿಚ್ಚುಗಳನ್ನು ಜೋಡಿಸುತ್ತಿದ್ದ ಹುಡುಗರಲ್ಲಿ ಕೆಲವರು ಮುಂದೆ ಗಣಕಯಂತ್ರದ ಪ್ರಥಮ ನಿಪುಣರಲ್ಲಿ ಸೇರಿದರು. ಕಟ್ಟಡ ಅಗ್ಗದ್ದಾದುದರಿಂದ ಗೋಡೆಗೆ ತೂತು ಕೊರೆಯಲು ಯಾರೂ ಯಾರ ಅಪ್ಪಣೆಯನ್ನೂ ಕಾಯಲಿಲ್ಲ. ಪರಮಾಣು ಗಡಿಯಾರದ ಕೆಲಸದಲ್ಲಿದ್ದ ಜೆರಾಲ್ಡ್ ಝಕರಾಯಸ್ ಎಂಬ ಭೌತವಿಜ್ಞಾನಿಯು ತನ್ನ ಉಪಕರಣ ಎತ್ತರವಾದುದರಿಂದ ಮೇಲಿನ ನೆಲಗಳನ್ನೇ ಒಡೆಸಿ ದಾರಿ ಮಾಡಿಕೊಂಡನು.

ಇದರಿಂದ, ಕೆಟ್ಟ ಕಟ್ಟಡವೇ ವಿದ್ಯೆಗೆ ಒಳ್ಳೆಯದೆಂದು ಯಾರೂ ತಿಳಿಯಬಾರದು. ಹಾಗಿದ್ದರೆ ನಮ್ಮ ಅನೇಕ ಸರ್ಕಾರಿ ಕಾಲೇಜುಗಳು ಇಷ್ಟರಲ್ಲಿ ಜಗತ್ಪ್ರಸಿದ್ಧವಾಗಬೇಕಾಗಿತ್ತು. ಅಲ್ಲಿ ಫಲ ಕೊಟ್ಟವು ಎರಡು ಗುಣಗಳು. ಬೇರೆ ಬೇರೆ ವಿದ್ಯೆಯವರು ಒಂದೇ ಪಡಸಾಲೆಯಲ್ಲಿ ನಡೆದಾಡಬೇಕಾಗಿತ್ತು ಎಂಬುದು ಒಂದು. ಬೇಕಾದಾಗ ಕೊಠಡಿಯನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವಿತ್ತು ಎಂಬುದು ಇನ್ನೊಂದು.

ಅದೇ ಸ್ಥಳದಲ್ಲಿ ೨೦೦೪ರಲ್ಲಿ ಸ್ಟೇಟಾ ಸೆಂಟರ್ ಎಂಬ ಭಾರಿ ಕಟ್ಟಡ ಎದ್ದಿತು. ಫ್ರಾಂಕ್ ಗೆಹ್ರಿ ಎಂಬ ಪ್ರಖ್ಯಾತ ವಾಸ್ತುಶಿಲ್ಪಿಯ ಕೃತಿ. ಓರೆಯಾದ ಗೋಪುರಗಳು, ಬಾಗಿದ ಗೋಡೆಗಳು. ಕುಡಿದವನೊಬ್ಬ ನಕ್ಷೆ ಬರೆದನೇನೋ ಎಂದು ಮೊದಲ ನೋಟಕ್ಕೆ ತೋರಿದರೆ ಆಶ್ಚರ್ಯವಿಲ್ಲ. ೨೦೦೩ರಲ್ಲಿ ಅಲ್ಲಿನ ಗಣಕ ವಿಜ್ಞಾನದ ಪ್ರಯೋಗಶಾಲೆಯೂ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯೂ ಒಂದಾಗಿದ್ದವು. ಆ ಕೂಡುಸಂಸ್ಥೆಯ ಜೊತೆಗೆ ಭಾಷಾವಿಜ್ಞಾನ ಮತ್ತು ತತ್ತ್ವಶಾಸ್ತ್ರದ ವಿಭಾಗವೂ ಇದೇ ಕಟ್ಟಡಕ್ಕೆ ಬಂತು. ನೆಲಮಟ್ಟದಲ್ಲಿ 'ವಿದ್ಯಾರ್ಥಿಗಳ ಬೀದಿ' ಎಂಬ ಅಗಲವಾದ ಒಳದಾರಿಯಿದೆ. ತರಗತಿಗೆ ಹೋಗುವವರೂ ತಿಂಡಿಗೆ ಹೋಗುವವರೂ ಅದರಲ್ಲೇ ಹಾಯುತ್ತಾರೆ. ಹಳೆಯ ಮರದ ಕಟ್ಟಡದ ಪಡಸಾಲೆಯ ಗುಣವನ್ನು ಹೊಸದರಲ್ಲಿ ಉಳಿಸಿಕೊಳ್ಳುವ ಪ್ರಯತ್ನ ಅದು.

ಆದರೆ ಇದೇ ಕಟ್ಟಡದಲ್ಲಿ ನೀರು ಸೋರುತ್ತದೆಂದೂ ಹೊರಗಿನ ಬಯಲು ರಂಗದ ಕಲ್ಲುಕೆಲಸ ಬಿರುಕು ಬಿಟ್ಟಿತೆಂದೂ ಆಪಾದಿಸಿ, ೨೦೦೭ರಲ್ಲಿ ಆ ವಿದ್ಯಾಸಂಸ್ಥೆಯು ವಾಸ್ತುಶಿಲ್ಪಿಯ ಮೇಲೂ ಕಟ್ಟಿದವರ ಮೇಲೂ ನ್ಯಾಯಾಲಯಕ್ಕೆ ಹೋಯಿತು. ೨೦೧೦ರಲ್ಲಿ ವ್ಯಾಜ್ಯ ರಾಜಿಯಾಯಿತು. ತಪ್ಪು ಯಾರದೆಂಬ ತೀರ್ಮಾನ ನಮಗೆ ಬೇಡ. ಸೂರು ಎಷ್ಟೇ ಚೆಲುವಾಗಿರಲಿ, ಮಳೆಯ ನೀರಿಗೆ ದಾರಿ ತೋರಿಸುವುದು ಅದರ ಮೊದಲ ಧರ್ಮ ಎಂಬಷ್ಟನ್ನು ನಾವು ಕಲಿತರೆ ಸಾಕು.

೩. ಸುಟ್ಟ ಗ್ರಂಥಾಲಯ, ತೊಟ್ಟಿಯ ಮನೆ

ಇನ್ನೊಂದು ಉದಾಹರಣೆ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದ್ದು. ಅಲ್ಲಿ ೧೯೯೮ರಲ್ಲಿ ಗಣಕ ವಿಜ್ಞಾನ, ಕೃತಕ ಬುದ್ಧಿಮತ್ತೆ ಮತ್ತು ಅರಿವಿನ ವಿಜ್ಞಾನ ಇವುಗಳನ್ನು ಕೂಡಿಸಿ 'ಇನ್ಫರ್ಮ್ಯಾಟಿಕ್ಸ್' ಎಂಬ ಒಂದೇ ಶಾಲೆಯನ್ನು ಮಾಡಿದರು. ಕಾಗದದ ಮೇಲೆ ಮದುವೆಯಾಯಿತು. ಆದರೆ ಸಂಸಾರ ಊರಿನ ಬೇರೆ ಬೇರೆ ಕಡೆ ಹರಡಿತ್ತು. ೨೦೦೨ರ ಡಿಸೆಂಬರ್ ೭ರಂದು ಹಳೆಯ ಪೇಟೆಯ ಕೌಗೇಟ್ ಬೀದಿಯಲ್ಲಿ ಹತ್ತಿದ ಬೆಂಕಿ ಮೇಲಿನ ಸೌತ್ ಬ್ರಿಜ್ ಬೀದಿಗೆ ಹಬ್ಬಿ ಆ ಶಾಲೆಯ ಒಂದು ಕಟ್ಟಡವನ್ನು ಸುಟ್ಟಿತು. ಅದರೊಂದಿಗೆ ದಶಕಗಳಿಂದ ಕೂಡಿಸಿದ ಕೃತಕ ಬುದ್ಧಿಮತ್ತೆಯ ಗ್ರಂಥಭಂಡಾರವೂ ಹೋಯಿತು. ಅದು ಆ ವಿದ್ಯೆಯ ಪ್ರಮುಖ ಸಂಗ್ರಹಗಳಲ್ಲೊಂದಾಗಿತ್ತು. ಮಾಹಿತಿಯ ಕಟ್ಟಡವನ್ನು ಯೋಚಿಸುವವರು ಈ ಸಂಗತಿಯನ್ನು ಮರೆಯಬಾರದು. ಯಂತ್ರ ಸುಟ್ಟರೆ ಬೇರೆ ಯಂತ್ರ ಬರುತ್ತದೆ. ಇನ್ನೊಂದು ಪ್ರತಿಯಿಲ್ಲದ ಕಾಗದ ಸುಟ್ಟರೆ ಅದು ಹೋದದ್ದೇ.

೨೦೦೮ರಲ್ಲಿ ಆ ಶಾಲೆಗೆ 'ಇನ್ಫರ್ಮ್ಯಾಟಿಕ್ಸ್ ಫೋರಂ' ಎಂಬ ಹೊಸ ಕಟ್ಟಡ ಸಿದ್ಧವಾಯಿತು. ಹಿಂದೆ ಕಾರುಗಳನ್ನು ನಿಲ್ಲಿಸುತ್ತಿದ್ದ ಬಯಲಿನಲ್ಲಿ ಬೆನೆಟ್ಸ್ ಅಸೋಸಿಯೇಟ್ಸ್ ಎಂಬ ವಾಸ್ತುಶಿಲ್ಪಿಗಳು ಅದನ್ನು ರೂಪಿಸಿದರು. ಇದರ ವರ್ಣನೆಯನ್ನು ಓದುವಾಗ ನನಗೆ ನಮ್ಮ ಅಜ್ಜಿಯ ತೊಟ್ಟಿಮನೆಯೇ ಕಣ್ಣಮುಂದೆ ಬಂತು. ನಡುವೆ ಮೇಲಿನಿಂದ ಬೆಳಕು ಬೀಳುವ ಎತ್ತರವಾದ ತೆರಪು. ಸುತ್ತಲೂ ಅಂತಸ್ತಿನ ಮೇಲಂತಸ್ತಾಗಿ ಕೊಠಡಿಗಳು. ಅವುಗಳನ್ನು ಕೂಡಿಸುವ ಮೆಟ್ಟಿಲುಗಳು. ತೊಟ್ಟಿಮನೆಯಲ್ಲಿ ದೊಡ್ಡಪ್ಪನವರ ಕೋಣೆ, ಚಿಕ್ಕಪ್ಪನವರ ಕೋಣೆ ಬೇರೆ ಬೇರೆಯಾಗಿದ್ದರೂ ತೊಟ್ಟಿಯನ್ನು ಹಾಯದೆ ಯಾರೂ ಅಡಿಗೆಮನೆಗೆ ಹೋಗಲಾರರು. ಮುನಿಸಿಕೊಂಡವರೂ ದಿನಕ್ಕೆ ನಾಲ್ಕು ಸಲ ಎದುರಾಗಲೇಬೇಕು. ಹಾಗಾಗಿ ಮುನಿಸು ಬಹಳ ದಿನ ನಿಲ್ಲುತ್ತಿರಲಿಲ್ಲ.

ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ೨೦೦೯ರಲ್ಲಿ ತೆರೆದ ಗಣಕ ವಿಜ್ಞಾನದ ಕಟ್ಟಡದ ಸಂಗತಿಯೊಂದು ಕಲಾ ಕಾಲೇಜಿನವರಾದ ನಮಗೆ ವಿಶೇಷವಾಗಿ ಹಿಡಿಸತಕ್ಕದ್ದು. ಆ ಕಟ್ಟಡದಿಂದ ನಾಟಕ ಮೊದಲಾದ ಕಲೆಗಳ ಕಟ್ಟಡಕ್ಕೆ ಒಂದು ಕಾಲುಸೇತುವೆಯನ್ನು ಹಾಕಿದ್ದಾರೆ. ಗಣಕ ವಿಜ್ಞಾನದ ಅಧ್ಯಾಪಕನಾಗಿದ್ದು, ಕಲೆಯವರೊಡನೆ ಕೂಡಿ ಕೆಲಸ ಮಾಡಿದ ರ್‍ಯಾಂಡಿ ಪೌಷ್ ಎಂಬಾತನು ೨೦೦೮ರಲ್ಲಿ ತೀರಿಕೊಂಡನು. ಸೇತುವೆಗೆ ಆತನ ಹೆಸರಿಟ್ಟಿದ್ದಾರೆ. ಎರಡು ವಿದ್ಯೆಗಳ ನಡುವೆ ಓಡಾಡಿದವನಿಗೆ ಇದಕ್ಕಿಂತ ತಕ್ಕ ಸ್ಮಾರಕ ನನಗೆ ತೋಚುವುದಿಲ್ಲ.

೪. ದೂರವೂ ಗೋಡೆಯೂ

ಕೂಡಿಸಿ ಇಟ್ಟರೆ ಜನ ಮಾತಾಡುತ್ತಾರೆಂಬುದು ಬರಿಯ ಊಹೆಯೇ? ಅಲ್ಲ. ಎಂ.ಐ.ಟಿ.ಯ ಪ್ರಾಧ್ಯಾಪಕನಾಗಿದ್ದ ಥಾಮಸ್ ಅಲೆನ್ ಎಂಬಾತನು, ಸಂಶೋಧನಾಲಯಗಳ ಇಂಜಿನಿಯರುಗಳು ತಮ್ಮ ಕೆಲಸದ ವಿಷಯವಾಗಿ ಯಾರೊಡನೆ ಎಷ್ಟು ಸಲ ಮಾತನಾಡುತ್ತಾರೆಂದು ಅಳೆದು, ೧೯೭೭ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಮೇಜುಗಳ ನಡುವಣ ದೂರ ಹೆಚ್ಚಿದಂತೆ ಮಾತುಕತೆ ಶೀಘ್ರವಾಗಿ ಇಳಿಯುತ್ತದೆ; ಸುಮಾರು ೫೦ ಮೀಟರು ದಾಟಿದರೆ ವಾರಕ್ಕೊಮ್ಮೆಯೂ ಮಾತನಾಡುವ ಸಂಭವ ತೀರ ಕಡಿಮೆ ಎಂದು ಆತನು ತೋರಿಸಿದನು. ನಮ್ಮ ಕಾಲೇಜಿನ ಗಣಕದ ಕೊಠಡಿಗೂ ಗ್ರಂಥಾಲಯಕ್ಕೂ ನಡುವಣ ದೂರವನ್ನು ನಾನೇ ಹೆಜ್ಜೆ ಹಾಕಿ ಅಳೆದೆ, ೨೪೦ ಹೆಜ್ಜೆ. ನಡುವೆ ಒಂದು ಬಯಲು, ಮಳೆಗಾಲದಲ್ಲಿ ಕೆಸರು.

ಹಾಗಾದರೆ ಗೋಡೆಗಳನ್ನೆಲ್ಲ ತೆಗೆದು ಎಲ್ಲರನ್ನೂ ಒಂದೇ ಹಜಾರದಲ್ಲಿ ಕೂರಿಸಿದರೆ ಆಯಿತೆ? ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ೨೦೧೮ರಲ್ಲಿ ಪ್ರಕಟವಾದ ಈತನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ ಎಂಬವರ ಅಧ್ಯಯನ ನನ್ನ ಭ್ರಮೆಯನ್ನು ಕಳೆಯಿತು. ಕೊಠಡಿಗಳಿದ್ದ ಕಚೇರಿಗಳನ್ನು ತೆರೆದ ಹಜಾರಗಳಾಗಿ ಮಾರ್ಪಡಿಸಿದ ಮೇಲೆ, ನೌಕರರ ಮುಖಾಮುಖಿ ಮಾತುಕತೆ ಸುಮಾರು ನೂರಕ್ಕೆ ೭೦ರಷ್ಟು ಇಳಿಯಿತೆಂದು ಅವರು ಕಂಡರು. ಜನ ಬಾಯಿ ಮುಚ್ಚಿ ಗಣಕದಲ್ಲೇ ಓಲೆ ಬರೆಯತೊಡಗಿದರು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಎಲ್ಲರ ಕಿವಿಗೂ ಬೀಳುವಂತಿದ್ದರೆ ಮನಸ್ಸು ಬಿಚ್ಚಿ ಮಾತನಾಡುವವರು ಯಾರು?

ಆದುದರಿಂದ ಸರಿಯಾದ ದಾರಿ ಇವೆರಡರ ನಡುವೆ ಇದೆ. ಒಬ್ಬಂಟಿಯಾಗಿ ಕುಳಿತು ಯೋಚಿಸಲು ಬಾಗಿಲುಳ್ಳ ಕೊಠಡಿ ಬೇಕು. ಬಾಗಿಲು ತೆರೆದರೆ ಎದುರಿಗೆ ನಾಲ್ಕು ಜನ ಕುಳಿತಿರುವ ಜಗುಲಿ ಬೇಕು. ಕುಡಿಯುವ ನೀರು, ಸೂಚನಾ ಫಲಕ, ದಿನಪತ್ರಿಕೆಯ ಮೇಜು, ಮೆಟ್ಟಿಲು ಇವೆಲ್ಲ ವಿಭಾಗಕ್ಕೊಂದರಂತೆ ಇರದೆ ಎಲ್ಲರಿಗೂ ಸೇರಿ ಒಂದೇ ಕಡೆ ಇರಬೇಕು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಬಿ. ವಿ. ದೋಶಿಯವರು ಕಲ್ಲಿನ ಉದ್ದನೆಯ ಮೊಗಸಾಲೆಗಳನ್ನು ತರಗತಿಗಳಷ್ಟೇ ಲಕ್ಷ್ಯದಿಂದ ರೂಪಿಸಿದುದು ಇದೇ ಕಾರಣದಿಂದಿರಬೇಕು. ನಡೆಯುವ ದಾರಿ ನಿಲ್ಲುವ ಜಾಗವೂ ಆದರೆ ಅಲ್ಲಿ ಮಾತು ಹುಟ್ಟುತ್ತದೆ.

೫. ಯಂತ್ರ ಬದಲಾಗುತ್ತದೆ, ಗೋಡೆ ನಿಲ್ಲುತ್ತದೆ

ಗಣಕಯಂತ್ರಕ್ಕಾಗಿ ಕಟ್ಟುವವರು ಮಾಡುವ ದೊಡ್ಡ ತಪ್ಪೆಂದರೆ, ಇಂದಿನ ಯಂತ್ರಕ್ಕೆ ಸರಿಯಾಗಿ ನಾಳಿನ ಕಟ್ಟಡವನ್ನು ಕಟ್ಟುವುದು. ೧೯೪೬ರಲ್ಲಿ ಲೋಕಕ್ಕೆ ತೋರಿಸಿದ 'ಎನಿಯಾಕ್' ಎಂಬ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದವು. ತೂಕ ಸುಮಾರು ೩೦ ಟನ್ನು. ಅದಕ್ಕೇ ಒಂದು ದೊಡ್ಡ ಕೊಠಡಿ ಬೇಕಾಗಿತ್ತು. ೧೯೬೩ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. ೧೬೨೦ ಎಂಬ ಗಣಕ ಬಂದಾಗ, ಯಂತ್ರವಿದ್ದಲ್ಲಿಗೆ ವಿದ್ಯಾರ್ಥಿಗಳು ಹೋಗಬೇಕಾಗಿತ್ತು. ಇಂದು ಅವುಗಳಿಗಿಂತ ಎಷ್ಟೋ ಪಾಲು ಬಲವಾದ ಯಂತ್ರ ನಮ್ಮ ಜೇಬಿನಲ್ಲಿದೆ. ನಮ್ಮ ಹೊಸ ಕಟ್ಟಡವಾದರೋ ೫೦ ವರ್ಷ ನಿಲ್ಲಬೇಕಾದದ್ದು.

ಸ್ಟೂವರ್ಟ್ ಬ್ರ್ಯಾಂಡ್ ಎಂಬ ಲೇಖಕನು ೧೯೯೪ರ ತನ್ನ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ವಿಂಗಡಿಸಿದ್ದಾನೆ. ಕಟ್ಟಡದಲ್ಲಿ ಆರು ಪದರಗಳಿವೆ: ನಿವೇಶನ, ಕಂಬ ತೊಲೆಗಳ ಚೌಕಟ್ಟು, ಹೊರಮೈ, ತಂತಿ ಕೊಳವೆಗಳು, ಒಳಗೋಡೆಗಳ ಹಂಚಿಕೆ, ಮೇಜು ಕುರ್ಚಿಗಳು. ನಿವೇಶನ ಶಾಶ್ವತ, ಚೌಕಟ್ಟಿನ ಆಯುಸ್ಸು ೩೦ರಿಂದ ೩೦೦ ವರ್ಷ, ಹೊರಮೈಗೆ ಸುಮಾರು ೨೦, ತಂತಿ ಕೊಳವೆಗಳಿಗೆ ೭ರಿಂದ ೧೫, ಮೇಜು ಕುರ್ಚಿಗಳು ದಿನವೂ ಸರಿದಾಡುತ್ತವೆ. ಬೇಗ ಸವೆಯುವ ಪದರವನ್ನು ನಿಧಾನವಾಗಿ ಸವೆಯುವ ಪದರದೊಳಗೆ ಹೂಳಬಾರದೆಂಬುದು ಇದರ ತಾತ್ಪರ್ಯ. ತಂತಿಗಳನ್ನು ಗಾರೆಯೊಳಗೆ ಹುದುಗಿಸಿದರೆ ಹತ್ತು ವರ್ಷಕ್ಕೊಮ್ಮೆ ಗೋಡೆ ಅಗೆಯಬೇಕು. ಮುಚ್ಚಳವುಳ್ಳ ಕೊಳವೆಯಲ್ಲಿ ಹೊರಗೆ ಹಾಯಿಸಿದರೆ ಒಂದು ದಿನದ ಕೆಲಸ.

ಇನ್ನು ಸೆಕೆಯ ಲೆಕ್ಕ. ಗಣಕಯಂತ್ರವು ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಒಂದು ಯಂತ್ರಕ್ಕೆ ೧೦೦ ವ್ಯಾಟಿನಂತೆ ೪೦ ಯಂತ್ರಗಳಿಂದ ೪,೦೦೦ ವ್ಯಾಟು. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದಲೂ ಸುಮಾರು ೧೦೦ ವ್ಯಾಟು ಶಾಖ ಹೊರಡುತ್ತದೆ. ೪೦ ವಿದ್ಯಾರ್ಥಿಗಳಿಂದ ಇನ್ನು ೪,೦೦೦. ಒಟ್ಟು ೮,೦೦೦ ವ್ಯಾಟು. ಒಂದು ಟನ್ನಿನ ಶೀತಕ ಯಂತ್ರ ಹೊರಹಾಕಬಲ್ಲದ್ದು ಸುಮಾರು ೩,೫೦೦ ವ್ಯಾಟು. ಬಿಸಿಲಿನ ಶಾಖವನ್ನು ಸೇರಿಸದೆಯೇ ಎರಡು ಟನ್ನಿಗಿಂತ ಹೆಚ್ಚು ಬೇಕಾಯಿತು. ಪಶ್ಚಿಮದ ಬಿಸಿಲು ಬೀಳುವ ಕಡೆ ಆ ಕೊಠಡಿಯನ್ನಿಟ್ಟರೆ ಖರ್ಚು ಏರುತ್ತಲೇ ಹೋಗುತ್ತದೆ. ಉತ್ತರದ ಕಡೆಗಿಟ್ಟು, ಕಿಟಕಿ ಪಕ್ಕಕ್ಕೆ ಬರುವಂತೆ ಮೇಜುಗಳನ್ನು ಹಾಕಿದರೆ ಸೆಕೆಯೂ ಕಡಿಮೆ, ಪರದೆಯ ಮೇಲೆ ಬೆಳಕು ಹೊಳೆದು ಕಣ್ಣು ಕುಕ್ಕುವುದೂ ಕಡಿಮೆ. ಜೊತೆಗೆ, ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದ ಮೇಲೆ ಇಳಿಜಾರು ದಾರಿಯನ್ನು ಆಮೇಲೆ ಅಂಟಿಸುವ ಅಲಂಕಾರವೆಂದು ಎಣಿಸುವಂತಿಲ್ಲ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅಷ್ಟು ಜಾಗವನ್ನು ನಕ್ಷೆಯಲ್ಲಿ ಮೊದಲೇ ಬಿಡಬೇಕು.

೬. ಬೀಗದ ಕೈ ಯಾರ ಬಳಿ?

ಇಷ್ಟನ್ನೆಲ್ಲ ಓದಿ, ಚೌಕಳಿ ಕಾಗದದ ಮೇಲೆ ಒಂದು ನಕ್ಷೆ ಬರೆದು ಎರಡನೆಯ ಸಭೆಗೆ ಒಯ್ದೆ. ನಡುವೆ ತೊಟ್ಟಿ, ಒಂದು ಮಗ್ಗುಲಲ್ಲಿ ಗ್ರಂಥಾಲಯ, ಎದುರು ಮಗ್ಗುಲಲ್ಲಿ ಗಣಕ ವಿಭಾಗ, ಮೇಲೆ ಸಂಖ್ಯಾಶಾಸ್ತ್ರ, ತೊಟ್ಟಿಯ ಪಕ್ಕದಲ್ಲಿ ಯಾವ ತರಗತಿಯವರಾದರೂ ಬಂದು ಕೂರಬಹುದಾದ ಹತ್ತು ಗಣಕಗಳ ಮುಕ್ತ ಹಜಾರ. ಎಲ್ಲರೂ ನೋಡಿ ಮೆಚ್ಚಿಕೊಂಡರು. ಆದರೆ ಗಣಕ ವಿಭಾಗದ ಮುಖ್ಯಸ್ಥರು ಒಂದೇ ಪ್ರಶ್ನೆ ಕೇಳಿದರು: "ಆ ಹತ್ತು ಯಂತ್ರಗಳು ಯಾರ ದಾಸ್ತಾನು ಪುಸ್ತಕದಲ್ಲಿರುತ್ತವೆ?"

ಈ ಪ್ರಶ್ನೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವರು ಸಮಾಧಾನವಾಗಿ ವಿವರಿಸಿದರು. ಲೆಕ್ಕ ತಪಾಸಣೆಯವರು ಬಂದಾಗ ಒಂದು ಕೀಲಿಮಣೆ ಕಡಿಮೆಯಿದ್ದರೂ ಉತ್ತರ ಹೇಳಬೇಕಾದವರು ದಾಸ್ತಾನಿಗೆ ಸಹಿ ಹಾಕಿದವರು. ಕಲಾ ತರಗತಿಯವರನ್ನು ಒಳಗೆ ಬಿಡದಿದ್ದುದು ತಿರಸ್ಕಾರದಿಂದಲ್ಲ, ಆ ಸಹಿಯ ಭಯದಿಂದ. ಕಳೆದ ವರ್ಷ ಬಾಗಿಲಿನಿಂದ ಹಿಂದಿರುಗಿದಾಗ ನನಗೆ ಹುಟ್ಟಿದ್ದ ಕೋಪ ಆ ದಿನ ಅರ್ಧ ಇಳಿಯಿತು. ಗೋಡೆಯನ್ನು ಇಂಜಿನಿಯರು ತೆಗೆಯಬಲ್ಲರು. ಸಹಿಯ ಗೋಡೆಯನ್ನು ನಾವೇ ತೆಗೆಯಬೇಕು.

ಆಗ ಗ್ರಂಥಪಾಲಕರು ಒಂದು ಮಾತು ಹೇಳಿದರು: "ನನ್ನ ಹೆಸರಿನಲ್ಲಿ ಸಾವಿರಾರು ಪುಸ್ತಕಗಳಿವೆ. ದಿನವೂ ಹೊರಗೆ ಹೋಗುತ್ತವೆ, ಬರುತ್ತವೆ. ಕಳೆದುಹೋದರೆ ಏನು ಮಾಡಬೇಕೆಂಬ ನಿಯಮವೂ ಇದೆ. ಆ ಹತ್ತು ಯಂತ್ರಗಳನ್ನು ಗ್ರಂಥಾಲಯದ ದಾಸ್ತಾನಿಗೆ ಬರೆಯಿರಿ. ಓದುವ ಕಾರ್ಡಿನ ಮೇಲೆ ಕೊಡುತ್ತೇನೆ." ಗಣಕ ವಿಭಾಗದ ಪಾಠದ ಕೊಠಡಿಗಳಿಗೆ ಅವರ ಬೀಗ ಇರಲಿ, ಮುಕ್ತ ಹಜಾರ ಗ್ರಂಥಾಲಯದ ಸಮಯದಲ್ಲಿ ತೆರೆದಿರಲಿ, ಯಂತ್ರಗಳ ದುರಸ್ತಿಯನ್ನು ಗಣಕ ವಿಭಾಗ ನೋಡಿಕೊಳ್ಳಲಿ ಎಂಬಲ್ಲಿಗೆ ಮಾತು ಬಂತು. ನೂರಾರು ವರ್ಷಗಳಿಂದ ಪುಸ್ತಕವನ್ನು ಹಂಚಿಕೊಟ್ಟು ಬಂದ ವಿದ್ಯೆಗೆ, ಯಂತ್ರವನ್ನು ಹಂಚಿಕೊಡುವುದು ಹೇಗೆಂಬುದೂ ಗೊತ್ತಿತ್ತು. ಮಾಹಿತಿಯವರೂ ಗಣಕದವರೂ ಏಕೆ ಕೂಡಿರಬೇಕೆಂಬ ನನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಕಟ್ಟಡ ಇನ್ನೂ ಮಂಜೂರಾಗಿಲ್ಲ. ಆಗುವುದೋ ಇಲ್ಲವೋ, ಆದರೆ ಯಾವ ವರ್ಷವೋ ಹೇಳಲಾರೆ. ಹೇಗಿದ್ದರೂ ಅಷ್ಟರಲ್ಲಿ ನಾನು ಈ ಕಾಲೇಜನ್ನು ಬಿಟ್ಟಿರುತ್ತೇನೆ. ಆದರೆ ದಾಸ್ತಾನಿನ ಮಾತಿಗೆ ಹೊಸ ಕಟ್ಟಡವೇ ಬೇಕೆಂದೇನೂ ಇಲ್ಲ. ಅದನ್ನರಿತು ಪ್ರಿನ್ಸಿಪಾಲರು, ಗ್ರಂಥಾಲಯದ ಮೂಲೆಯಲ್ಲಿ ಈಗಲೇ ಎರಡು ಯಂತ್ರಗಳನ್ನು ಹಾಕಿಸಿ ನೋಡೋಣವೆಂದು ಒಪ್ಪಿದ್ದಾರೆ. ಮೊದಲ ವಾರ ನಾನು ಹೋಗಿ ನೋಡಿದಾಗ, ಇತಿಹಾಸದ ಹುಡುಗನೊಬ್ಬ ಕುಳಿತು ತನ್ನ ಊರಿನ ಶಾಸನದ ಪಾಠವನ್ನು ಏರಿಸುತ್ತಿದ್ದ. 'ಳ' ಮತ್ತು 'ೞ' ಅಕ್ಷರಗಳ ವಿಚಾರದಲ್ಲಿ ತೊಡಕಾಗಿ, ಪಕ್ಕದಲ್ಲಿದ್ದ ಬಿ.ಸಿ.ಎ. ವಿದ್ಯಾರ್ಥಿಯನ್ನು ಕೇಳುತ್ತಿದ್ದ.

ವಿದ್ಯಾರ್ಥಿ ಮಿತ್ರರೇ, ಮುಂದೆ ಆ ಸಮಿತಿಗೆ ನಿಮ್ಮಲ್ಲೊಬ್ಬರು ಹೋಗುವಿರಿ. ಕುರ್ಚಿಗಳ ಲೆಕ್ಕ ಕೇಳುವ ಮೊದಲು ಯಾರು ಯಾರನ್ನು ಕಾಣಬೇಕೆಂಬುದನ್ನು ಕೇಳಿ. ಸೂರಿನ ನೀರು ಎಲ್ಲಿಗೆ ಹರಿಯುವುದೆಂದು ಕೇಳಿ. ಬೀಗದ ಕೈ ಯಾರ ಬಳಿ ಇರುವುದೆಂದು ತಪ್ಪದೆ ಕೇಳಿ.